ಸಮುದ್ರ ಎಲ್ಲ ಹೊಗೆಯನ್ನೂ ನುಂಗುತ್ತದೆಯೇ? ಲೆಕ್ಕ ಹಾಕಿ ನೋಡಿದ ರೋಜರ್ ರೆವೆಲ್ ಅವರ ಕಥೆ

ಹವಾಮಾನ ಬದಲಾವಣೆಯ ಬಗ್ಗೆ ಓದುಗರು ನಮಗೆ ಕಳಿಸಿ, ಇದು ನಿಜವೇ ಎಂದು ಕೇಳುವ ಫಾರ್ವರ್ಡ್‌ಗಳಲ್ಲಿ ಎರಡು ಮತ್ತೆ ಮತ್ತೆ ಬರುತ್ತವೆ. ಭೂಮಿಯ ಮುಕ್ಕಾಲು ಪಾಲು ಸಮುದ್ರವೇ ಇರುವುದರಿಂದ ನಾವು ಬಿಡುವ ಕಾರ್ಬನ್ ಡೈಆಕ್ಸೈಡನ್ನೆಲ್ಲ ಅದು ಕುಡಿದುಬಿಡುತ್ತದೆ, ಚಿಂತೆ ಬೇಡ ಎನ್ನುವುದು ಒಂದು. ಇನ್ನೊಂದು ಸ್ವಲ್ಪ ಚಾಲಾಕಿಯದು. ಅಮೆರಿಕದ ಉಪಾಧ್ಯಕ್ಷರಾಗಿದ್ದ ಅಲ್ ಗೋರ್ ಅವರಿಗೆ ಈ ಪಾಠ ಹೇಳಿಕೊಟ್ಟ ಮೇಷ್ಟ್ರೇ ಸಾಯುವ ಮುಂಚೆ ಮಾತು ಬದಲಿಸಿದರು, ಜಾಗತಿಕ ತಾಪಮಾನ ಏರಿಕೆ ಸುಳ್ಳೆಂದು ಒಪ್ಪಿಕೊಂಡರು ಎಂದು ಅದು ಹೇಳುತ್ತದೆ.

ಎರಡು ಸಂದೇಶಗಳೂ ಹೋಗಿ ಮುಟ್ಟುವುದು ಒಬ್ಬರನ್ನೇ. ಸಮುದ್ರ ಎಲ್ಲವನ್ನೂ ನುಂಗುತ್ತದೆ ಎಂಬ ನಂಬಿಕೆಯ ಬುಡ ಅಲ್ಲಾಡಿಸಿದವರು ರೋಜರ್ ರೆವೆಲ್. ಎರಡನೆಯ ಸಂದೇಶದ ಮೇಷ್ಟ್ರು ಕೂಡ ಅವರೇ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಉತ್ತರ ಬರೆಯುವ ಬದಲು ಅವರ ಬದುಕನ್ನೇ ಹೇಳಿಬಿಡೋಣ ಎನಿಸಿತು.

ರೆವೆಲ್ ಹುಟ್ಟಿದ್ದು 1909ರ ಮಾರ್ಚ್ 7ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ. ಪೊಮೋನಾ ಕಾಲೇಜಿನಲ್ಲಿ ಭೂವಿಜ್ಞಾನ ಓದಿ 1929ರಲ್ಲಿ ಪದವಿ ಪಡೆದರು. 1931ರಲ್ಲಿ ಎಲೆನ್ ಕ್ಲಾರ್ಕ್ ಅವರನ್ನು ಮದುವೆಯಾದರು. ಅದೇ ವರ್ಷ ಲಾ ಹೋಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಗೆ ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದರು. ಆ ಸಂಸ್ಥೆಗೆ ಆ ಹೆಸರು ಬಂದದ್ದು ಅದಕ್ಕೆ ಹಣ ಕೊಟ್ಟ ಸ್ಕ್ರಿಪ್ಸ್ ಮನೆತನದಿಂದ, ಎಲೆನ್ ಕೂಡ ಅದೇ ನೆಂಟಸ್ತಿಕೆಯವರು. ರೆವೆಲ್‌ಗೆ ಸಿಕ್ಕ ಕೆಲಸ ಮಾತ್ರ ರಾಜಯೋಗದ್ದೇನಲ್ಲ. ಹಡಗೊಂದು ಆಳ ಸಮುದ್ರದ ತಳದಿಂದ ತಂದಿದ್ದ ಕೆಸರನ್ನು ಪರೀಕ್ಷಿಸುವುದು. 1936ರಲ್ಲಿ ಅವರಿಗೆ ಡಾಕ್ಟರೇಟ್ ಸಿಕ್ಕಿದ್ದು ಆ ಕೆಸರಿನ ಮೇಲೆಯೇ.

ಆ ವರ್ಷಗಳಲ್ಲೇ ಇನ್ನೊಂದು ಸಣ್ಣ ಕೆಲಸ ನಡೆದಿತ್ತು. ಸಮುದ್ರದ ನೀರಿಗೆ ಸ್ವಲ್ಪ ಆಮ್ಲ ಸೇರಿಸಿದರೂ ಅದು ಸುಲಭಕ್ಕೆ ಹುಳಿಯಾಗುವುದಿಲ್ಲ, ಏಕೆ? ಹಿರಿಯ ಸಹೋದ್ಯೋಗಿಗಳ ಜೊತೆ ರೆವೆಲ್ ಇದನ್ನು ಪರೀಕ್ಷಿಸಿ 1934ರಲ್ಲಿ ಪ್ರಬಂಧ ಪ್ರಕಟಿಸಿದರು. ಅದರಿಂದ ಯಾರಿಗಾದರೂ ಉಪಯೋಗವಾದೀತು ಎಂದು ಆಗ ಅಂದುಕೊಂಡವರು ಹೆಚ್ಚಿರಲಿಕ್ಕಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ ಅದೇ ರಸಾಯನಶಾಸ್ತ್ರ ಅವರ ಕೈಹಿಡಿಯಿತು.

ನಡುವೆ ಎರಡನೇ ಮಹಾಯುದ್ಧ ಬಂತು. ರೆವೆಲ್ ನೌಕಾಪಡೆಗೆ ಹೋದರು. ಜಲಾಂತರ್ಗಾಮಿ ಹುಡುಕಬೇಕಾದರೆ ನೀರಿನಲ್ಲಿ ಶಬ್ದ ಹೇಗೆ ಸಾಗುತ್ತದೆ ಎಂದು ಗೊತ್ತಿರಬೇಕು, ದಂಡೆಗೆ ಸೈನಿಕರನ್ನು ಇಳಿಸಬೇಕಾದರೆ ಅಲೆಯ ಅಂದಾಜು ಬೇಕು. ಸಮುದ್ರದ ಅಧ್ಯಯನಕ್ಕೆ ಅಮೆರಿಕ ಸರ್ಕಾರ ಕೈಬಿಚ್ಚಿ ಹಣ ಕೊಟ್ಟದ್ದು ಮೀನಿನ ಮೇಲಿನ ಪ್ರೀತಿಯಿಂದಲ್ಲ. ಯುದ್ಧ ಮುಗಿದ ಮೇಲೆ 1946ರಲ್ಲಿ ನೌಕಾ ಸಂಶೋಧನಾ ಕಚೇರಿ ಶುರುವಾದಾಗ ಅದನ್ನು ಕಟ್ಟಿದವರಲ್ಲಿ ರೆವೆಲ್ ಕೂಡ ಒಬ್ಬರು. ಅದೇ ವರ್ಷ ಬಿಕಿನಿ ದ್ವೀಪದಲ್ಲಿ ಪರಮಾಣು ಬಾಂಬ್ ಪರೀಕ್ಷೆ ನಡೆದಾಗ ಅಲ್ಲಿನ ಸಮುದ್ರದ ಅಧ್ಯಯನಕ್ಕೆ ಅವರದೇ ಮುಂದಾಳತ್ವ. ಬಿಕಿನಿಯ ಮೂಲ ನಿವಾಸಿಗಳನ್ನು ಮನೆ ಬಿಡಿಸಿ ನಡೆಸಿದ ಪರೀಕ್ಷೆ ಅದು. ಸಾರ್ವಜನಿಕ ಹಣದ ವಿಜ್ಞಾನದ ಬಗ್ಗೆ ಬರೆಯುವಾಗ ಈ ಭಾಗವನ್ನು ಹಾರಿಸಿ ಹೋಗುವುದು ಸರಿಯಲ್ಲ ಎಂದು ನಮ್ಮ ಭಾವನೆ.

1950ರ ಹೊತ್ತಿಗೆ ಸ್ಕ್ರಿಪ್ಸ್ ಸಂಸ್ಥೆಯ ಚುಕ್ಕಾಣಿ ರೆವೆಲ್ ಕೈಗೆ ಬಂತು. ಆಳು ಆರಡಿ ದಾಟಿದ ಎತ್ತರ, ಮಾತುಗಾರ, ಹಣ ತರುವುದರಲ್ಲಿ ನಿಸ್ಸೀಮ. ನೌಕಾಪಡೆಗೆ ಜಲಾಂತರ್ಗಾಮಿಯ ಚಿಂತೆ. ಪರಮಾಣು ಶಕ್ತಿ ಆಯೋಗಕ್ಕೆ ವಿಕಿರಣದ ಕಸ ಸಮುದ್ರ ಸೇರಿದರೆ ಎಲ್ಲಿಗೆ ಹೋಗುತ್ತದೆ ಎಂಬ ಚಿಂತೆ. ಎರಡಕ್ಕೂ ಉತ್ತರ ಹೇಳಬೇಕಾದರೆ ಮೇಲಿನ ನೀರು ಕೆಳಗಿನ ನೀರಿನ ಜೊತೆ ಎಷ್ಟು ವರ್ಷಕ್ಕೆ ಬೆರೆಯುತ್ತದೆ ಎಂದು ತಿಳಿಯಬೇಕಿತ್ತು. ನಮ್ಮ ಹೊಗೆಯಲ್ಲಿ ಸಮುದ್ರ ಸೇರುವುದೆಷ್ಟು ಎಂಬ ಪ್ರಶ್ನೆಗೆ ಬೇಕಿದ್ದುದೂ ಅದೇ ಉತ್ತರ. ಹೀಗೆ ಯಾವುದೋ ಕೆಲಸಕ್ಕೆ ಬಂದ ದುಡ್ಡಿನಲ್ಲಿ ಹವಾಮಾನದ ಕೆಲಸವೂ ನಡೆಯಿತು.

ಕಲ್ಲಿದ್ದಲು ಸುಟ್ಟರೆ ಭೂಮಿ ಬಿಸಿಯಾಗಬಹುದು ಎಂಬ ಮಾತು ಆಗ ಹೊಸದೇನಲ್ಲ. ಬ್ರಿಟನ್‌ನ ಗೈ ಕ್ಯಾಲೆಂಡರ್ ಎಂಬ ಎಂಜಿನಿಯರ್ 1938ರಲ್ಲೇ ಲೆಕ್ಕ ಸಮೇತ ಹೇಳಿದ್ದರು. ಬಹುಪಾಲು ವಿಜ್ಞಾನಿಗಳು ಅದನ್ನು ಪಕ್ಕಕ್ಕೆ ಸರಿಸಲು ಒಂದು ಕಾರಣ ಸಮುದ್ರ. ಗಾಳಿಯಲ್ಲಿರುವ ಇಂಗಾಲಕ್ಕಿಂತ ಸುಮಾರು 50 ಪಟ್ಟು ಹೆಚ್ಚು ಇಂಗಾಲ ಸಮುದ್ರದಲ್ಲಿ ಕರಗಿದೆ. ಅಷ್ಟು ದೊಡ್ಡ ಹೊಟ್ಟೆಗೆ ನಮ್ಮ ಹೊಗೆ ಯಾವ ಲೆಕ್ಕ? ಇಂದಿನ ಫಾರ್ವರ್ಡ್ ಬರೆದವರ ತರ್ಕ ಇದೇ. ಅಂದರೆ ಅದು ಪೂರ್ತಿ ಮೂರ್ಖತನವಲ್ಲ, ಸುಮಾರು ಎಪ್ಪತ್ತು ವರ್ಷ ಹಳೆಯದು ಅಷ್ಟೆ.

ಆಸ್ಟ್ರಿಯಾದಿಂದ ಬಂದಿದ್ದ ಹ್ಯಾನ್ಸ್ ಸ್ಯೂಸ್ ಎಂಬ ರಸಾಯನ ವಿಜ್ಞಾನಿ ಮರದ ಉಂಗುರಗಳಲ್ಲಿರುವ ಇಂಗಾಲ-14 ಅಳೆಯುತ್ತಿದ್ದರು. ಲಕ್ಷಾಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲಿನಲ್ಲಿ ಇಂಗಾಲ-14 ಉಳಿದಿರುವುದಿಲ್ಲ. ಅದನ್ನು ಸುಟ್ಟರೆ ಗಾಳಿಯಲ್ಲಿನ ಇಂಗಾಲ-14ರ ಪಾಲು ಹಾಲಿಗೆ ನೀರು ಬೆರೆಸಿದ ಹಾಗೆ ತೆಳುವಾಗುತ್ತದೆ. ಸ್ಯೂಸ್ ಅದನ್ನೇ 1955ರಲ್ಲಿ ತೋರಿಸಿದರು. ರೆವೆಲ್ ಅವರನ್ನು ಸ್ಕ್ರಿಪ್ಸ್‌ಗೆ ಕರೆಸಿಕೊಂಡರು. ಇಬ್ಬರೂ ಸೇರಿ ಬರೆದ ಪ್ರಬಂಧ 1957ರಲ್ಲಿ ಟೆಲ್ಲಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು.

ಪ್ರಬಂಧದ ಬಹುಭಾಗ ಓದಿದರೆ ಸಮಾಧಾನವೇ ಆಗುತ್ತದೆ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಅಣುವೊಂದು ಸಮುದ್ರದಲ್ಲಿ ಕರಗಲು ಸರಾಸರಿ 10 ವರ್ಷ ಸಾಕು ಎಂಬುದು ಅವರಿಗೆ ಸಿಕ್ಕ ಉತ್ತರ. ಅಬ್ಬಾ, ಹಾಗಾದರೆ ತೊಂದರೆ ಇಲ್ಲ ಅನ್ನಬೇಕು. ಆದರೆ ಬರೆದು ಮುಗಿಸುವ ಹಂತದಲ್ಲಿ ರೆವೆಲ್‌ಗೆ ಹಳೆಯ ಕೆಲಸ ನೆನಪಾಯಿತು. ಸಮುದ್ರದ ನೀರು ಹುಳಿಯಾಗದಂತೆ ತನ್ನನ್ನು ಕಾಯ್ದುಕೊಳ್ಳುವ ಆ ಗುಣವೇ ಹೊಸ ಕಾರ್ಬನ್ ಡೈಆಕ್ಸೈಡ್‌ಗೆ ಬಾಗಿಲು ಕಿರಿದು ಮಾಡುತ್ತದೆ.

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಇಡೀ ಕಥೆಯ ಗಂಟು ಇಲ್ಲೇ ಇದೆ. ಕಲ್ಯಾಣ ಮಂಟಪ ಎಷ್ಟೇ ದೊಡ್ಡದಿರಲಿ, ಊಟಕ್ಕೆ ಕೂರುವವರ ಸಂಖ್ಯೆ ನಿರ್ಧಾರವಾಗುವುದು ಬಾಳೆಎಲೆ ಎಷ್ಟಿದೆ ಎಂಬುದರ ಮೇಲೆ. ಸಮುದ್ರದಲ್ಲಿ ಬಾಳೆಎಲೆಯ ಕೆಲಸ ಮಾಡುವುದು ಕಾರ್ಬೊನೇಟ್ ಎಂಬ ಅಯಾನು. ಗಾಳಿಯಿಂದ ಬಂದ ಕಾರ್ಬನ್ ಡೈಆಕ್ಸೈಡ್ ನೀರಿನ ಜೊತೆ ಸೇರಿ, ಕಾರ್ಬೊನೇಟ್ ಒಂದನ್ನು ಹಿಡಿದುಕೊಂಡು ಬೈಕಾರ್ಬೊನೇಟ್ ಆಗುತ್ತದೆ. ಆಗ ಅದು ನೀರಿನಲ್ಲಿ ನೆಲೆ ನಿಂತ ಹಾಗೆ. ಆದರೆ ಕಾರ್ಬೊನೇಟ್ ಇರುವುದೇ ಕಡಿಮೆ, ಖರ್ಚಾದಷ್ಟೂ ಇನ್ನೂ ಕಡಿಮೆ. ಎಲೆ ಸಿಗದ ಅಣುಗಳು ಬಂದ ದಾರಿಯಲ್ಲೇ ಗಾಳಿಗೆ ವಾಪಸ್. ಒಂದು ಅಣು 10 ವರ್ಷದಲ್ಲಿ ಸಮುದ್ರಕ್ಕೆ ಇಳಿಯುವುದು ನಿಜ, ಇನ್ನೊಂದು ಅಣು ಮೇಲೆದ್ದು ಬರುವುದೂ ಅಷ್ಟೇ ನಿಜ. ಲೆಕ್ಕ ಹೀಗಾಗುತ್ತದೆ: ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ 10ರಷ್ಟು ಹೆಚ್ಚಿದರೆ ಸಮುದ್ರದ ಮೇಲ್ಪದರದಲ್ಲಿ ಕರಗಿದ ಒಟ್ಟು ಇಂಗಾಲ ಹೆಚ್ಚುವುದು ಸುಮಾರು ಶೇ 1 ಮಾತ್ರ. ಇಂದು ಪಠ್ಯಪುಸ್ತಕಗಳಲ್ಲಿ ಇದಕ್ಕೆ ರೆವೆಲ್ ಅಂಶ ಎಂದೇ ಹೆಸರು.

ಕೆಳಗಿನ ಆಳದಲ್ಲಿ ಬೇಕಾದಷ್ಟು ಎಲೆ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಮೇಲಿನ ನೀರು ಆಳದ ನೀರಿನೊಂದಿಗೆ ಪೂರ್ತಿ ಬೆರೆಯಲು ನೂರಾರು ವರ್ಷ, ಕೆಲವೆಡೆ ಸಾವಿರ ವರ್ಷ ಬೇಕು. ಪಂಕ್ತಿ ಮುಂದೆ ಸರಿಯುವ ವೇಗ ಅದು.

ರೆವೆಲ್ ತಮ್ಮ ಈ ಹೊಳಹಿನ ಪೂರ್ತಿ ಬೆಲೆಯನ್ನು ಆಗಲೇ ಕಂಡುಕೊಂಡರು ಎಂದರೆ ಉತ್ಪ್ರೇಕ್ಷೆಯಾದೀತು. ಹೊಗೆಯ ಪ್ರಮಾಣ ಮುಂದೆಯೂ ಅಷ್ಟೇ ಇರುತ್ತದೆ ಎಂದುಕೊಂಡು ಹಾಕಿದ ಲೆಕ್ಕದಲ್ಲಿ ಏರಿಕೆ ಸೌಮ್ಯವಾಗಿಯೇ ಕಂಡಿತು. ಮನುಷ್ಯರು ತಮಗೇ ಗೊತ್ತಿಲ್ಲದೆ ಇಡೀ ಭೂಮಿಯ ಮೇಲೆ ಒಂದು ಪ್ರಯೋಗ ನಡೆಸುತ್ತಿದ್ದಾರೆ ಎಂಬ ಅರ್ಥದ ಮಾತು ಆ ಪ್ರಬಂಧದಲ್ಲಿದೆ. ಅದರಲ್ಲಿ ನಮಗೆ ಇಂದು ಎಚ್ಚರಿಕೆ ಕೇಳಿಸುತ್ತದೆ, ಆದರೆ ಬರೆಯುವಾಗ ಅವರಿಗಿದ್ದದ್ದು ಹೆಚ್ಚಾಗಿ ವಿಜ್ಞಾನಿಯ ಕುತೂಹಲ. ಎರಡು ವರ್ಷದ ನಂತರ ಸ್ವೀಡನ್‌ನಲ್ಲಿದ್ದ ಬರ್ಟ್ ಬೋಲಿನ್ ಮತ್ತು ಎರಿಕ್ ಎರಿಕ್‌ಸನ್ ಅದೇ ರಸಾಯನಶಾಸ್ತ್ರವನ್ನು ಇನ್ನೂ ಬಿಡಿಸಿ ಬರೆದ ಮೇಲೆ ಉಳಿದವರಿಗೆ ಅದು ಮನದಟ್ಟಾಯಿತು.

ಕುತೂಹಲ ತಣಿಯಬೇಕಾದರೆ ಅಳತೆ ಬೇಕು. 1957ರ ಜುಲೈನಲ್ಲಿ ಅಂತರರಾಷ್ಟ್ರೀಯ ಭೂಭೌತ ವರ್ಷ ಆರಂಭವಾಗುವುದಿತ್ತು, ಹತ್ತಾರು ದೇಶಗಳು ಸೇರಿ ಭೂಮಿಯನ್ನು ಅಳೆಯುವ ಕಾರ್ಯಕ್ರಮ ಅದು. ಅದಕ್ಕೆ ಹಣ ಕೇಳಲು ರೆವೆಲ್ 1956 ಮತ್ತು 1957ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹೋಗಿ ಕೂತರು. ಗಾಳಿಯಲ್ಲಿ ಹೆಚ್ಚುತ್ತಿರುವ ಕಾರ್ಬನ್ ಡೈಆಕ್ಸೈಡ್ ಮುಂದೆ ಹವಾಮಾನವನ್ನೇ ಬದಲಿಸಬಹುದು ಎಂದು ಜನಪ್ರತಿನಿಧಿಗಳಿಗೆ ವಿವರಿಸಿದರು. ಹಣ ಮಂಜೂರಾಯಿತು. ಅದರಲ್ಲಿ ಒಂದು ಚಿಕ್ಕ ಪಾಲು, ಜೊತೆಗೆ ಹವಾಮಾನ ಇಲಾಖೆಯ ಹ್ಯಾರಿ ವೆಕ್ಸ್ಲರ್ ಕೊಟ್ಟ ನೆರವು, ಎರಡೂ ಸೇರಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ಯುವಕನ ಕೈಗೆ ಬಂದವು.

ಇಲ್ಲಿ ಒಂದು ಸ್ವಾರಸ್ಯವಿದೆ. ರೆವೆಲ್‌ಗೆ ಬೇಕಿದ್ದದ್ದು ಹಡಗು, ವಿಮಾನಗಳಿಂದ ಜಗತ್ತಿನ ಮೂಲೆ ಮೂಲೆಯ ಗಾಳಿಯನ್ನು ಒಮ್ಮೆ ಅಳೆದಿಟ್ಟು, ಹತ್ತಿಪ್ಪತ್ತು ವರ್ಷ ಬಿಟ್ಟು ಮತ್ತೆ ಅಳೆದು ಹೋಲಿಸುವುದು. ಕೀಲಿಂಗ್ ಒಪ್ಪಲಿಲ್ಲ. ಒಂದೇ ಕಡೆ ಕೂತು ಬಿಡದೆ ಅಳೆಯಬೇಕು, ಅದಕ್ಕೆ ದುಬಾರಿ ಯಂತ್ರವೇ ಬೇಕು ಎಂದು ಹಟ ಹಿಡಿದರು. 1958ರ ಮಾರ್ಚ್‌ನಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಯಂತ್ರ ಚಾಲೂ ಆಯಿತು. ಮೊದಲ ಅಳತೆ ಗಾಳಿಯ ಹತ್ತು ಲಕ್ಷ ಪಾಲಿಗೆ ಸುಮಾರು 313 ಪಾಲು. ಇಂದು ಅದು 420 ದಾಟಿದೆ. ಯಜಮಾನರ ಮಾತು ಕೇಳದ ಆ ಹುಡುಗನಿಂದಾಗಿ ಈ ರೇಖೆ ನಮಗೆ ಸಿಕ್ಕಿದೆ. ಅವರನ್ನು ಕೆಲಸದಿಂದ ತೆಗೆಯದೆ ಬೆನ್ನಿಗೆ ನಿಂತದ್ದು ಮಾತ್ರ ರೆವೆಲ್.

ಆದರೆ ಸರ್ಕಾರದ ಹಣ ಬಂದಂತೆ ನಿಲ್ಲಲೂಬಹುದು. ಸಂಸತ್ತು ಅನುದಾನಕ್ಕೆ ಕತ್ತರಿ ಹಾಕಿದ್ದರಿಂದ 1964ರ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮೌನಾ ಲೋವಾದ ಅಳತೆ ನಿಂತುಹೋಯಿತು. ಆ ರೇಖೆಯನ್ನು ಹಿಗ್ಗಿಸಿ ನೋಡಿದರೆ ಅಲ್ಲಿ ಒಂದು ಸಣ್ಣ ಖಾಲಿ ಜಾಗ ಕಾಣುತ್ತದೆ. ಆ ಮೂರು ತಿಂಗಳ ಗಾಳಿ ಇನ್ನು ಯಾರಿಗೂ ಅಳೆಯಲು ಸಿಗದು.

ಅಷ್ಟರಲ್ಲಿ ರೆವೆಲ್ ಬದುಕು ಬೇರೆ ಕಡೆ ಹೊರಳಿತ್ತು. ಸ್ಕ್ರಿಪ್ಸ್ ಪಕ್ಕದಲ್ಲೇ ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯ ಬೇಕೆಂದು ವರ್ಷಗಟ್ಟಲೆ ಓಡಾಡಿದವರು ಅವರು. ಲಾ ಹೋಯಾದಲ್ಲಿ ಆಗ ಯಹೂದಿಗಳಿಗೆ ಮನೆ ಮಾರದಂತೆ ಒಳ ಒಪ್ಪಂದವಿತ್ತು. ಯಹೂದಿ ಪ್ರಾಧ್ಯಾಪಕರಿಗೆ ಮನೆ ಕೊಡದ ಊರಿನಲ್ಲಿ ವಿಶ್ವವಿದ್ಯಾಲಯ ನಡೆಯುವುದಿಲ್ಲ ಎಂದು ಅವರು ಊರಿನ ಗಣ್ಯರಿಗೆ ನೇರವಾಗಿ ಹೇಳಿದರು. ವಿಶ್ವವಿದ್ಯಾಲಯ ಬಂತು, ಮುಖ್ಯಸ್ಥರ ಕುರ್ಚಿ ಇನ್ನೊಬ್ಬರಿಗೆ ಹೋಯಿತು. ಆ ನೋವಿನಲ್ಲಿ ಅವರು ವಾಷಿಂಗ್ಟನ್‌ಗೆ ಹೋಗಿ ಒಳಾಡಳಿತ ಇಲಾಖೆಗೆ ವಿಜ್ಞಾನ ಸಲಹೆಗಾರರಾದರು.

ಅಲ್ಲಿಂದ ನೆಲದ ಕೆಲಸ ಶುರು. ಪಾಕಿಸ್ತಾನದ ಸಿಂಧೂ ಕಾಲುವೆಗಳ ಕೆಳಗಿನ ಹೊಲಗಳು ಜೌಗು ಹಿಡಿದು, ಉಪ್ಪು ಮೇಲೆದ್ದು ಹಾಳಾಗುತ್ತಿದ್ದವು. ನಮ್ಮ ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ರೈತರು ಸವಳು-ಜವಳು ಎನ್ನುವುದು ಇದನ್ನೇ. ಅಧ್ಯಕ್ಷ ಕೆನಡಿ 1961ರಲ್ಲಿ ಕಳಿಸಿದ ತಜ್ಞರ ತಂಡಕ್ಕೆ ರೆವೆಲ್ ಮುಖ್ಯಸ್ಥರು. ಅಲ್ಲಲ್ಲಿ ಒಂದೊಂದು ಕೊಳವೆ ಬಾವಿ ಹಾಕಿ ನೀರೆತ್ತಿದರೆ ಸುತ್ತಲಿನ ನೀರು ಬಸಿದು ಬಂದು ಜಾಗ ತುಂಬುತ್ತದೆ, ಸುಮಾರು 10 ಲಕ್ಷ ಎಕರೆಯ ದೊಡ್ಡ ತುಂಡುಗಳಲ್ಲಿ ಒಟ್ಟಿಗೆ ನೀರೆತ್ತಿದರೆ ಅಂಚಿನಿಂದ ಬಸಿಯುವುದು ಲೆಕ್ಕಕ್ಕಿಲ್ಲದಷ್ಟಾಗುತ್ತದೆ ಎಂದು ಅವರ ತಂಡ ಕಂಡುಕೊಂಡಿತು. ನೀರಿನ ಜೊತೆಗೆ ಬೀಜ, ಗೊಬ್ಬರ, ಸಲಹೆ ಎಲ್ಲವೂ ಒಟ್ಟಿಗೆ ಹೋಗಬೇಕು ಎಂದೂ ಹೇಳಿತು.

ಭಾರತಕ್ಕೂ ಅವರಿಗೂ ನಂಟಿದೆ. ಶಿಕ್ಷಣದ ಚರ್ಚೆ ಬಂದಾಗಲೆಲ್ಲ ನಾವು ಹೆಸರಿಸುವ ಕೊಠಾರಿ ಆಯೋಗದಲ್ಲಿ (1964-66) ಇದ್ದ ವಿದೇಶಿ ಸದಸ್ಯರಲ್ಲಿ ರೆವೆಲ್ ಒಬ್ಬರು. ಅದಕ್ಕೂ ಮೊದಲು, ಸಾಗರ ಸಂಶೋಧನೆಯ ಅಂತರರಾಷ್ಟ್ರೀಯ ಸಮಿತಿಗೆ 1957ರಲ್ಲಿ ಅವರು ಮೊದಲ ಅಧ್ಯಕ್ಷರಾದರು. ಜಗತ್ತಿನಲ್ಲೇ ಅತಿ ಕಡಿಮೆ ಅಧ್ಯಯನವಾಗಿದ್ದ ಹಿಂದೂ ಮಹಾಸಾಗರಕ್ಕೆ ಹಡಗುಗಳನ್ನು ಕಳಿಸಬೇಕೆಂಬ ಯೋಜನೆ ಹುಟ್ಟಿದ್ದು ಆ ಸಮಿತಿಯಲ್ಲಿ. 1960ರ ದಶಕದ ಮೊದಲ ಅರ್ಧದಲ್ಲಿ ಸುಮಾರು 40 ಹಡಗುಗಳು ಬಂದವು, ನಮ್ಮ ನೌಕಾಪಡೆಯ ಐಎನ್‌ಎಸ್ ಕಿಸ್ತ್ನಾ ಕೂಡ ಹೊರಟಿತು. ಆ ಯಾನದ ಬೆನ್ನಿಗೇ, 1966ರ ಜನವರಿ 1ರಂದು ನಮ್ಮ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹುಟ್ಟಿತು. ಕಾರವಾರದಿಂದ ಸ್ವಲ್ಪ ಮೇಲಕ್ಕೆ, ಗೋವಾದ ದೋನಾ ಪಾವ್ಲಾದಲ್ಲಿದೆ ಅದು, ನಡೆಯುವುದು ನಮ್ಮ ನಿಮ್ಮ ತೆರಿಗೆಯಲ್ಲಿ. 1975ರಲ್ಲಿ ರೆವೆಲ್ ಮತ್ತು ವಿ. ಲಕ್ಷ್ಮೀನಾರಾಯಣ ಸೈನ್ಸ್ ಪತ್ರಿಕೆಯಲ್ಲಿ ಗಂಗಾ ಬಯಲಿನ ಬಗ್ಗೆ ಬರೆದರು. ಬೇಸಿಗೆಯಲ್ಲಿ ಅಂತರ್ಜಲ ಎತ್ತಿ ಬೆಳೆಗೆ ಹರಿಸಿ, ಖಾಲಿಯಾದ ಜಾಗಕ್ಕೆ ಮಳೆಗಾಲದ ನೆರೆ ನೀರು ಇಂಗುವಂತೆ ಮಾಡಬಹುದು ಎಂಬುದು ಅದರ ತಿರುಳು. ಆ ಯೋಚನೆಯ ಮೇಲೆ ಈಗಲೂ ಕೆಲಸ ನಡೆಯುತ್ತಿದೆ.

ಹವಾಮಾನದ ಎಳೆ ಕೈಬಿಟ್ಟಿರಲಿಲ್ಲ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೆ ವಿಜ್ಞಾನ ಸಲಹೆಗಾರರು ಕೊಟ್ಟ ಪರಿಸರ ವರದಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಬಗ್ಗೆ ಪ್ರತ್ಯೇಕ ಭಾಗವಿತ್ತು, ಅದನ್ನು ಬರೆದ ತಂಡದ ಮುಖ್ಯಸ್ಥರು ರೆವೆಲ್. ಇಂದು ಓದಿದರೆ ಅಚ್ಚರಿಯಾಗುವ ಸಂಗತಿ ಒಂದಿದೆ. ಪರಿಹಾರದ ಮಾತು ಬಂದಾಗ ಅದರಲ್ಲಿ ಕಲ್ಲಿದ್ದಲು, ಎಣ್ಣೆ ಕಡಿಮೆ ಸುಡೋಣ ಎಂಬ ಸಲಹೆ ಇಲ್ಲ. ಸಮುದ್ರದ ಮೇಲೆ ಬೆಳಕು ಪ್ರತಿಫಲಿಸುವ ಚೂರುಗಳನ್ನು ಹರಡಿ ಬಿಸಿಲನ್ನು ವಾಪಸ್ ಕಳಿಸುವ ಯೋಚನೆ ಇದೆ! ದೊಡ್ಡ ವಿಜ್ಞಾನಿಗಳು ಕೂಡ ತಮ್ಮ ಕಾಲದ ಮಕ್ಕಳೇ.

ಹಾರ್ವರ್ಡ್‌ನಲ್ಲಿ ಜನಸಂಖ್ಯಾ ಅಧ್ಯಯನ ಕೇಂದ್ರ ನಡೆಸುತ್ತಿದ್ದ ದಿನಗಳಲ್ಲಿ ಅವರು ತರಗತಿಯಲ್ಲಿ ಕೀಲಿಂಗ್ ರೇಖೆ ತೋರಿಸುತ್ತಿದ್ದರು. ಕೂತು ಕೇಳಿದವರಲ್ಲಿ ಅಲ್ ಗೋರ್ ಒಬ್ಬರು. 1977ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ವರದಿಗಾಗಿ ರೆವೆಲ್ ಮತ್ತು ವಾಲ್ಟರ್ ಮಂಕ್ ಇನ್ನೊಂದು ಲೆಕ್ಕ ಮಾಡಿದರು. ಕಾಡು ಕಡಿದು ಹೊಲ ಮಾಡಿದಾಗ ಮರದಿಂದ, ಮಣ್ಣಿನಿಂದ ಗಾಳಿಗೆ ಹೋದ ಇಂಗಾಲವೆಷ್ಟು ಎಂಬುದು. ಸಮುದ್ರದ ಮನುಷ್ಯ ನೆಲದ ಲೆಕ್ಕಕ್ಕೆ ಬಂದದ್ದು ಹೀಗೆ. ಮನುಷ್ಯರಿಂದ ಹೊರಬರುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು ಹತ್ತನೇ ಒಂದು ಪಾಲು ಈಗಲೂ ಕಾಡು ಕಡಿಯುವಂಥ ಭೂಬಳಕೆಯ ಬದಲಾವಣೆಯಿಂದಲೇ ಬರುತ್ತದೆ.

ಈಗ ಎರಡನೆಯ ಫಾರ್ವರ್ಡ್. 1991ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನ ಕ್ಲಬ್ಬೊಂದರ ಪತ್ರಿಕೆಯಲ್ಲಿ ಮೂವರ ಹೆಸರಿನ ಲೇಖನ ಬಂತು. ಮೊದಲ ಹೆಸರು ಫ್ರೆಡ್ ಸಿಂಗರ್, ಎರಡನೆಯದು ರೆವೆಲ್. ವಿಜ್ಞಾನ ಇನ್ನೂ ಖಚಿತವಿಲ್ಲ, ಈಗಲೇ ಕಠಿಣ ಕ್ರಮ ಬೇಡ ಎಂಬುದು ಅದರ ನಿಲುವು. ತಾಪಮಾನ ಏರಿಕೆ ಸುಳ್ಳು ಎಂದು ಅದರಲ್ಲೂ ಇಲ್ಲ. ಅದರ ಬಹಳಷ್ಟು ಭಾಗ ಸಿಂಗರ್ ಒಬ್ಬರ ಹೆಸರಿನಲ್ಲೇ ಮೊದಲು ಪ್ರಕಟವಾಗಿತ್ತು. ಹೃದಯದ ಕಾಯಿಲೆಯಿಂದ ಬಳಲಿದ್ದ ರೆವೆಲ್ ಅದೇ ಜುಲೈ 15ರಂದು, 82ನೇ ವಯಸ್ಸಿನಲ್ಲಿ ತೀರಿಕೊಂಡರು. 1992ರ ಚುನಾವಣೆಯಲ್ಲಿ ಗೋರ್ ವಿರೋಧಿಗಳು ಲೇಖನವನ್ನು ಹಿಡಿದೆತ್ತಿದರು. ತಂದೆಯ ನಿಲುವು ಅದಾಗಿರಲಿಲ್ಲ, ಈಗಲೇ ಕ್ರಮ ಬೇಕೆಂದೇ ಅವರು ನಂಬಿದ್ದರು ಎಂದು ಮಗಳು ಪತ್ರಿಕೆಯಲ್ಲಿ ಬರೆದರು. ಅವರ ಹೆಸರು ಹೇಗೆ ಸೇರಿತು ಎಂಬ ಜಗಳ ಕೋರ್ಟಿಗೂ ಹೋಗಿ ರಾಜಿಯಲ್ಲಿ ಮುಗಿಯಿತು.

ನಾವು ಇಲ್ಲಿ ರೆವೆಲ್‌ರನ್ನು ಸಂತನನ್ನಾಗಿಸಲು ಹೊರಟಿಲ್ಲ. 1988ರ ಸುಡು ಬೇಸಿಗೆಯಲ್ಲಿ ಅವರು ಜನಪ್ರತಿನಿಧಿಗಳಿಗೆ ಬರೆದ ಪತ್ರಗಳಲ್ಲಿ ಅವಸರದ ತೀರ್ಮಾನ ಬೇಡ, ಇನ್ನೂ ಹಲವು ವರ್ಷ ಗಮನಿಸೋಣ ಎಂಬ ಎಚ್ಚರ ನಿಜವಾಗಿಯೂ ಇದೆ. ಆದರೆ ಎಷ್ಟು ಬೇಗ ಏನು ಮಾಡಬೇಕು ಎಂಬ ಅನುಮಾನ ಬೇರೆ, ಬಿಸಿಯಾಗುತ್ತಿಲ್ಲ ಎನ್ನುವುದು ಬೇರೆ. ಫಾರ್ವರ್ಡ್ ಇವೆರಡನ್ನೂ ಒಂದೇ ಮಾಡುತ್ತದೆ. ಅದೂ ಅಲ್ಲದೆ, ಅವರು ತೀರಿಕೊಂಡು ಮೂರು ದಶಕ ದಾಟಿದೆ. ಗಮನಿಸೋಣ ಎಂದಿದ್ದ ವರ್ಷಗಳು ಕಳೆದುಹೋದವು, ಅಳತೆಗಳೂ ಬಂದವು. ನಾವು ಪ್ರತಿ ವರ್ಷ ಬಿಡುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸಮುದ್ರ ಹೀರುವುದು ಕಾಲು ಭಾಗ, ಕಾಡು ಮತ್ತು ಮಣ್ಣು ಹೀರುವುದು ಅದಕ್ಕಿಂತ ತುಸು ಹೆಚ್ಚು, ಉಳಿದ ಅರ್ಧದಷ್ಟು ಗಾಳಿಯಲ್ಲೇ. ಸಮುದ್ರ ಹೀರಿದ್ದು ಪುಕ್ಕಟೆಯೂ ಅಲ್ಲ. ಕಾರ್ಬೊನೇಟ್ ಖರ್ಚಾದಂತೆ ಚಿಪ್ಪು, ಹವಳ ಕಟ್ಟುವ ಜೀವಿಗಳಿಗೆ ಇಟ್ಟಿಗೆಯ ಕೊರತೆ. ಮೇಲ್ಮೈ ನೀರಿನ ಪಿಎಚ್ ಮಟ್ಟ ಕೈಗಾರಿಕಾ ಯುಗಕ್ಕೆ ಮೊದಲು ಸುಮಾರು 8.2 ಇದ್ದದ್ದು ಈಗ 8.1ರ ಆಸುಪಾಸಿಗೆ ಇಳಿದಿದೆ.

ಇಷ್ಟೆಲ್ಲ ಗೊತ್ತಾದದ್ದು ಯಾರೋ ದಿನಾ ಅಳೆಯುತ್ತಿರುವುದರಿಂದ. ಆ ಅಳತೆಗೆ ಯಾವ ಕಂಪನಿಗೂ ಲಾಭವಿಲ್ಲ. 2025ರಲ್ಲಿ ಅಮೆರಿಕ ಸರ್ಕಾರದ ಬಜೆಟ್ ಪ್ರಸ್ತಾವದಲ್ಲಿ ಮೌನಾ ಲೋವಾ ಸೇರಿದಂತೆ ಹವಾಮಾನ ಸಂಶೋಧನಾ ಕೇಂದ್ರಗಳ ಹಣಕ್ಕೆ ಮತ್ತೆ ಕತ್ತರಿ ಬಂತು, 1964ರಂತೆಯೇ.

ರೆವೆಲ್ ಹೆಸರಿನ ಹಡಗೊಂದಿದೆ. ಒಡೆತನ ಅಮೆರಿಕದ ನೌಕಾಪಡೆಯದು, ನಡೆಸುವುದು ಸ್ಕ್ರಿಪ್ಸ್. 2013ರಿಂದ ಕೆಲವು ವರ್ಷ ಅದು ಬಂಗಾಳ ಕೊಲ್ಲಿಗೆ ಬಂದಿತ್ತು. ನಮ್ಮ ಸಾಗರ ನಿಧಿ ಹಡಗೂ ಆ ನೀರಿನಲ್ಲಿತ್ತು, ಜೊತೆಗೂಡಿದ ಭಾರತೀಯ ವಿಜ್ಞಾನಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದರು. ಅವರು ಅಳೆಯುತ್ತಿದ್ದದ್ದು ನದಿಗಳ ಸಿಹಿನೀರು ಉಪ್ಪು ನೀರಿನ ಮೇಲೆ ಹೇಗೆ ತೆಳುವಾಗಿ ಹರಡಿ ನಿಲ್ಲುತ್ತದೆ, ಆ ತೆಳು ಪದರ ಎಷ್ಟು ಬೇಗ ಕಾಯುತ್ತದೆ, ಅದರಿಂದ ನಮ್ಮ ಮುಂಗಾರು ಮಳೆ ಯಾವಾಗ ಸುರಿದು ಯಾವಾಗ ಕೈಕೊಡುತ್ತದೆ ಎಂಬುದನ್ನು.